ಇಲ್ಲಿಗೆ ಬಂದಿಲ್ಲ ಕಣಮ್ಮ

ನಮ್ಮ ಅಂಗಡಿಗೆ ಫೋನ್ ಬಂದರೆ ನಾನು ಹೇಳುತ್ತಿದ್ದುದು ಒಂದೇ ಮಾತು: "ಇಲ್ಲಿಗೆ ಬಂದಿಲ್ಲ ಕಣಮ್ಮ." ಆ ಕಡೆ ಗಂಡಸಿದ್ದರೆ, "ಬಂದಿಲ್ಲ ಕಣ್ರೀ." ಎರಡು ವರ್ಷದಲ್ಲಿ ಈ ಮಾತನ್ನು ನೂರಾರು ಸಲ ಹೇಳಿದ್ದೇನೆ. ಹೇಳುವಾಗ ಅವರು ಹುಡುಕುತ್ತಿದ್ದ ಹುಡುಗ ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕೂತು ಮೌಸ್ ಕುಟ್ಟುತ್ತಿರುತ್ತಿದ್ದ.

ಹುಣಸೂರು ಬಸ್ ಸ್ಟಾಂಡಿನ ಎದುರಿಗೆ ನಮ್ಮ ತಂದೆ ಅಬ್ದುಲ್ ಅಜೀಜ್ ಅವರ ಮರಗೆಲಸದ ಅಂಗಡಿ. ಮಂಚ, ಬಾಗಿಲು, ಕಿಟಕಿ ಚೌಕಟ್ಟು. ಅದರ ಮೇಲಿನ ಕೋಣೆಯಲ್ಲಿ ನನ್ನ ಆರು ಕಂಪ್ಯೂಟರುಗಳು. ನನ್ನ ಹೆಸರು ಅರ್ಷದ್. ಅಬ್ಬಾ ನನಗೆ ಉಳಿ ಹಿಡಿಯುವುದನ್ನು ಕಲಿಸಲು ಹತ್ತು ವರ್ಷ ಪಾಡುಪಟ್ಟು ಕೈಬಿಟ್ಟಿದ್ದರು. ಅಂಗಡಿಗೆ ನಾನು ಬೋರ್ಡು ಬರೆಸಿರಲಿಲ್ಲ. ಬರುವವರಿಗೆ ದಾರಿ ಗೊತ್ತಿತ್ತು, ಗೊತ್ತಿಲ್ಲದವರು ಹತ್ತಿ ಬರುವುದು ನನಗೂ ಬೇಕಿರಲಿಲ್ಲ. ಮೆಟ್ಟಿಲು ಮರದ ಅಂಗಡಿಯ ಹಿಂದೆ, ಹಲಗೆಗಳ ಸಂದಿಯಲ್ಲಿತ್ತು.

ಇದು ಎರಡು ಸಾವಿರದ ನಾಲ್ಕನೇ ಇಸವಿಯ ಮಾತು. ಇಂಟರ್ನೆಟ್ಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಆರು ಕಂಪ್ಯೂಟರಿಗೂ ನಾನೇ ಕೇಬಲ್ ಎಳೆದು ಜೋಡಿಸಿದ್ದೆ. ಹುಡುಗರು ಆಡುತ್ತಿದ್ದುದು ಒಂದೇ ಆಟ. ಯಾವುದೋ ಕೆಂಪು ಗ್ರಹ. ಅಲ್ಲಿ ಗಣಿ ತೋಡಬೇಕು, ಕಾರ್ಖಾನೆ ಕಟ್ಟಬೇಕು, ನಡೆದಾಡುವ ಕಬ್ಬಿಣದ ಯಂತ್ರಗಳನ್ನು ತಯಾರಿಸಿ ಕಾದಾಟಕ್ಕೆ ಬಿಡಬೇಕು. ಅದರಲ್ಲಿ ಹಲವು ಬಗೆ ಇದ್ದರೂ ಇವರಿಗೆ ರುಚಿ ಹತ್ತಿದ್ದು ಜಾಗ ಹಿಡಿಯುವ ಬಗೆ. ಗ್ರಹದ ಮೇಲೆ ಒಂಬತ್ತು ಜಾಗ, ಒಂದೊಂದರಲ್ಲೂ ಒಂದು ಗೋಪುರ, ಗೋಪುರದ ಸುತ್ತ ಒಂದು ಬಿಳಿ ಗೆರೆ. ಗೆರೆಯೊಳಗೆ ನಿಮ್ಮ ಯಂತ್ರ ಒಂದಾದರೂ ನಿಂತಿದ್ದರೆ ಜಾಗ ನಿಮ್ಮದು, ನಿಂತಷ್ಟು ಹೊತ್ತೂ ಅಂಕ ಏರುತ್ತದೆ. ಆಚೆ ಬಂದು ಹತ್ತು ಎಣಿಸುವಷ್ಟರಲ್ಲಿ ಜಾಗ ಹೋಯಿತು. ಮೂವರ ಮೇಲೆ ಮೂವರು, ನಲವತ್ತು ನಿಮಿಷ.

ಗ್ರಹದ ಜಾಗಗಳಿಗೆ ಆಟದಲ್ಲಿ ಏನೇನೋ ಹೆಸರಿತ್ತು. ನಮ್ಮ ಹುಡುಗರು ಅವನ್ನೆಲ್ಲ ಅಳಿಸಿ ತಮ್ಮ ಮನೆಯ ಹೆಸರುಗಳನ್ನೇ ಇಟ್ಟಿದ್ದರು. ಕೊಟ್ಟಿಗೆ, ಹಿತ್ತಿಲು, ಅಟ್ಟ, ಕಣ, ಜಗಲಿ. ಎಲ್ಲಕ್ಕೂ ಮಧ್ಯದ್ದು ನಡುಮನೆ. "ಕೊಟ್ಗೆ ಹೋಯ್ತು ಕಣ್ಲಾ, ಹಿತ್ಲನ್ನಾದ್ರೂ ಉಳಿಸ್ಕಳ್ರೋ" ಎಂದು ಒಬ್ಬ ಕೂಗಿದರೆ ಕೆಳಗೆ ರಂದ ಹೊಡೆಯುತ್ತಿದ್ದ ಅಬ್ಬಾ ಕೈ ನಿಲ್ಲಿಸಿ, ಯಾರ ಮನೆ ಹಾಳಾಯಿತೋ ಎಂದು ಮೇಲೆ ನೋಡುತ್ತಿದ್ದರು.

ನಡುಮನೆ ಕಾಯುವವನು ವಸಂತ. ಗುರುಪುರದ ಆಚೆಯ ಹಳ್ಳಿಯವನು, ಹತ್ತೊಂಬತ್ತು ವರ್ಷ. ಅವನ ತಂಡದ ಲಿಂಗರಾಜು ಮತ್ತಿತರರು ಮುನ್ನುಗ್ಗಿ ಹೊಡೆದಾಡಿ ಹೆಸರು ಮಾಡುತ್ತಿದ್ದರು. ಇವನು ಗೆರೆಯೊಳಗೆ ನಾಲ್ಕು ಯಂತ್ರ ನಿಲ್ಲಿಸಿಕೊಂಡು ಕೂತುಬಿಡುತ್ತಿದ್ದ. ಊರಲ್ಲಿ ಅವರದು ಹೊಗೆಸೊಪ್ಪು. ಸೊಪ್ಪು ಬೇಯಿಸುವ ಎತ್ತರದ ಗೂಡು, ಬ್ಯಾರನ್ನು, ಅದರ ಒಲೆಯ ಮುಂದೆ ಐದಾರು ದಿನ ಉರಿ ನೋಡುತ್ತ ಕೂತು ಅಭ್ಯಾಸವಾದವನಿಗೆ ನಲವತ್ತು ನಿಮಿಷ ಒಂದು ಲೆಕ್ಕವೇ ಅಲ್ಲ. ಅವನು ಕಾಯುತ್ತಿದ್ದ ತಂಡ ಸೋತದ್ದು ನಾನು ನೋಡಿಲ್ಲ.

ಫೋನಿನ ಸುಳ್ಳು ಶುರುವಾದದ್ದು ಹೀಗೆ. ಮನೆಯವರು ಫೋನ್ ಮಾಡಿ, "ಅವರಪ್ಪಂಗೆ ಒಸಿ ಉಸಾರಿಲ್ಲ, ಕಳ್ಸಿ" ಎನ್ನುತ್ತಿದ್ದರು. ಹುಡುಗ ಆಟ ಬಿಟ್ಟು ಬಿದ್ದೆನೋ ಎದ್ದೆನೋ ಎಂದು ಓಡುತ್ತಿದ್ದ. ಅಪ್ಪ ಜಗಲಿ ಮೇಲೆ ಎಲೆ ಅಡಿಕೆ ಹಾಕಿಕೊಂಡು ಗುಂಡುಕಲ್ಲಿನ ಹಾಗೆ ಕೂತಿರುತ್ತಿದ್ದ. ಹುಡುಗನಿಗೆ ಬೆನ್ನ ಮೇಲೆ ಎರಡು ಬೀಳುತ್ತಿತ್ತು. ಇಲ್ಲಿ ಅವನ ಜಾಗ ಬಿದ್ದು, ಆಟವೇ ಕೆಟ್ಟಿತೆಂದು ಉಳಿದ ಐವರು ನನ್ನ ಕುತ್ತಿಗೆ ಪಟ್ಟಿ ಹಿಡಿದುಕೊಳ್ಳುತ್ತಿದ್ದರು. ಮೂರು ನಾಲ್ಕು ಸಲ ಹೀಗಾದ ಮೇಲೆ ಹುಡುಗರೇ ಬಂದು, "ಯಾರು ಕೇಳುದ್ರೂ ಇಲ್ಲ ಅಂದ್ಬುಡಣ್ಣ" ಎಂದರು. ನನಗೂ ಅದೇ ಸಲೀಸು ಎನಿಸಿತು. ಮಾತು ಜೋರಾದರೆ ಆಣೆಯನ್ನೂ ಇಟ್ಟುಬಿಡುತ್ತಿದ್ದೆ. ವ್ಯಾಪಾರದವನ ಬಾಯಲ್ಲಿ ಆಣೆಗೆ ಬರವೇ?

ನಮ್ಮ ಕಡೆ ಇನ್ನೊಂದು ಪದ್ಧತಿಯೂ ಇದೆ. ಯಾರಿಗಾದರೂ ನಿಜವಾಗಿಯೇ ಉಸಿರು ಹೋಗುವ ಹಾಗಾದರೆ ಅದನ್ನು ಯಾರೂ ಫೋನಿನಲ್ಲಿ ಹೇಳುವುದಿಲ್ಲ. ಕೇಳಿದವರ ಎದೆ ಒಡೆದೀತು ಎಂದು, "ಸ್ವಲ್ಪ ಹುಷಾರಿಲ್ಲ, ಬಂದು ಹೋಗು" ಎನ್ನುತ್ತಾರೆ. ನಮ್ಮ ದಾದಿ, ಅಂದರೆ ಅಬ್ಬಾನ ತಾಯಿ, ತೀರಿಕೊಂಡಾಗ ಪಿರಿಯಾಪಟ್ಟಣದ ಚಿಕ್ಕಪ್ಪನಿಗೆ ಹಾಗೇ ಹೇಳಿದ್ದೆವು. ಹೇಳಿದವನು ನಾನೇ. ಇದೂ ನನಗೆ ಗೊತ್ತಿತ್ತು, ಅದೂ ಗೊತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಒಂದು ದಿನವೂ ನೋಡಲಿಲ್ಲ.

ಸೆಪ್ಟೆಂಬರ್ ತಿಂಗಳ ಒಂದು ಮಂಗಳವಾರ ಕೆ.ಆರ್. ನಗರದಿಂದ ಮೂವರು ಹುಡುಗರು ಬಸ್ಸು ಹತ್ತಿ ಆಡಲು ಬಂದಿದ್ದರು. ಹುಣಸೂರಿನವರನ್ನು ಸೋಲಿಸಿಯೇ ಊಟ ಮಾಡುವುದು ಎಂದು ಹೇಳಿ ಕೂತಿದ್ದರು. ವಸಂತನೂ ಬಂದಿದ್ದ. ಸೊಪ್ಪು ಪೋಣಿಸುವ ದಾರ ತರುತ್ತೇನೆಂದು ಮನೆಯಲ್ಲಿ ಹೇಳಿ ಬಂದಿದ್ದ. ದಾರ ಕೊಂಡೂ ಇದ್ದ. ಆ ಚೀಲವನ್ನು ನನ್ನ ಮೇಜಿನ ಕೆಳಗೆ ತಳ್ಳಿ ಕೂತ. ಮೂರು ಗಂಟೆಗೆ ಆಟ ಅರ್ಧಕ್ಕೆ ಬಂದಿರುವಾಗ ಫೋನ್ ಹೊಡೆದುಕೊಂಡಿತು. ಹುಡುಗಿಯ ಧ್ವನಿ.

"ಹಲೋ, ಕಂಪ್ಯೂಟರ್ ಅಂಗ್ಡಿಯಾ ಸಾರ್? ವಸಂತ ಅಂತ, ನಮ್ಮಣ್ಣ, ಅಲ್ಲವ್ನಾ?"

"ಯಾವ ವಸಂತ?"

"ಗುರುಪುರದ ಕಡೆಯವ್ನು ಸಾರ್. ಸಣ್ಣಬೀರಯ್ಯನ ಮಗ."

"ಇಲ್ಲಿಗೆ ಬಂದಿಲ್ಲ ಕಣಮ್ಮ."

"ಅಪ್ಪಂಗೆ ಒಸಿ ಉಸಾರಿಲ್ಲ. ಇದ್ರೆ ಒಂದ್ ನಿಮ್ಸ ಕಳ್ಸಿ ಸಾರ್."

ನನಗೆ ನಗು ಬಂತು. ಇವತ್ತು ತಂಗಿಯ ಕೈಯಲ್ಲಿ ಮಾಡಿಸುತ್ತಿದ್ದಾರೆ ಎಂದುಕೊಂಡೆ. "ಇಲ್ಲಮ್ಮ, ಇದ್ರೆ ಕಳಿಸ್ತಿರ್ಲಿಲ್ವಾ?"

"ನಿಜವಾಗ್ಲೂ ಇಲ್ವಾ ಸಾರ್?"

"ಅಲ್ಲಾನಾಣೆ ಇಲ್ಲ ಕಣಮ್ಮ."

ಅದೇ ಹೊತ್ತಿಗೆ ಕೆ.ಆರ್. ನಗರದವರ ಯಂತ್ರಗಳು ನಡುಮನೆಗೆ ನುಗ್ಗಿ ಸುಟ್ಟುಹೋದವು. ವಸಂತ ಗಟ್ಟಿಯಾಗಿ ನಕ್ಕ. ಅವನು ನಗುತ್ತಿದ್ದುದೇ ಕಡಿಮೆ. ನಕ್ಕರೆ ಕೋಣೆ ತುಂಬ ಕೇಳುತ್ತಿತ್ತು. ಹುಡುಗಿ ಇನ್ನೂ ಫೋನ್ ಇಟ್ಟಿರಲಿಲ್ಲ. ಹೊರಗೆ ಒಂದು ಬಸ್ಸು ಹಾರ್ನ್ ಹೊಡೆಯಿತು. ಕಿಟಕಿಯಿಂದ ಒಂದು ಕಿವಿಗೆ ಕೇಳಿದ ಹಾರ್ನು ಫೋನಿನಿಂದ ಇನ್ನೊಂದು ಕಿವಿಗೂ ಕೇಳಿತು. ನಾನು ಫೋನ್ ಇಟ್ಟು ಆಟ ನೋಡಲು ಹೋದೆ.

ನಮ್ಮವರು ಗೆದ್ದರು. ಬೋಂಡ ತರಿಸಿದರು. ವಸಂತ ಎರಡು ತಿಂದು, ಹೊತ್ತಾಯಿತೆಂದು ಬಸ್ಸಿಗೆ ಓಡಿದ. ದಾರದ ಚೀಲ ಮೇಜಿನ ಕೆಳಗೇ ಉಳಿಯಿತು.

ಸಂಜೆ ಬಾಗಿಲು ಹಾಕುವಾಗ ಅಬ್ಬಾ ಹೇಳಿದರು, "ಮಧ್ಯಾಹ್ನ ಯಾರನ್ನೋ ಟೆಂಪೋದಲ್ಲಿ ಮಲಗಿಸಿಕೊಂಡು ಬಂದು ಇಲ್ಲೇ ನಿಲ್ಲಿಸಿದ್ದರು. ಪಾಪ, ಬಾಯಿ ಒಣಗಿತ್ತು. ನೀರು ಕೊಟ್ಟೆ, ತುಟಿಗೆ ಮುಟ್ಟಿಸಿಕೊಂಡ, ಅಷ್ಟೆ. ಜೊತೆಗಿದ್ದ ಹುಡುಗಿ ಆ ಫೋನ್ ಡಬ್ಬಿಯಿಂದ ಯಾರಿಗೋ ಫೋನ್ ಮಾಡಿ ಬಂದಳು. ಹೊರಟುಹೋದರು." ಅಬ್ಬಾ ತೋರಿಸಿದ್ದು ನಮ್ಮ ಅಂಗಡಿಯ ಮುಂದಿನ ಕಂಬಕ್ಕೆ ಹಾಕಿದ್ದ, ಒಂದು ರೂಪಾಯಿ ನಾಣ್ಯದ ಫೋನನ್ನು. ನಾನು ಹೂಂ ಎಂದೆ. ಬೀಗ ಹಾಕಿದೆ.

ಮಾರನೆಯ ದಿನ ಲಿಂಗರಾಜು ಬಂದು ಹೇಳಿದ. ವಸಂತನ ಅಪ್ಪ ಸಣ್ಣಬೀರಯ್ಯ ಬ್ಯಾರನ್ನಿನಿಂದ ಬೆಂದ ಸೊಪ್ಪು ಇಳಿಸಲು ಒಳಗೆ ತೊಲೆ ಹತ್ತಿದ್ದವರು ಮೇಲಿನಿಂದ ಬಿದ್ದಿದ್ದರು. ತೊಲೆ ಹತ್ತುವುದು ಯಾವಾಗಲೂ ವಸಂತನ ಕೆಲಸ, ಅವನು ಬರುವುದು ತಡವಾಯಿತೆಂದು ಅವರೇ ಹತ್ತಿದ್ದರು. ಪಕ್ಕದ ಮನೆಯ ಸೋಮಯ್ಯ ಟೆಂಪೋ ತಂದರು. ಮಗಳು ಮೀನಾ ಜೊತೆಗೆ ಕೂತಳು. ಹುಣಸೂರಿನ ಮೇಲೆ ಮೈಸೂರಿಗೆ ಹೊರಟವರು ಬಿಳಿಕೆರೆ ದಾಟುವಷ್ಟರಲ್ಲಿ ಉಸಿರು ನಿಂತಿತ್ತು.

ಲಿಂಗರಾಜು ಹೇಳುತ್ತಲೇ ಇದ್ದ. ನಾನು ಕಂಪ್ಯೂಟರುಗಳ ಮೇಲಿನ ಬಟ್ಟೆ ತೆಗೆದು ಒಂದೊಂದಾಗಿ ಮಡಿಸುತ್ತಿದ್ದೆ. ಆರನ್ನೂ ಮಡಿಸಿದೆ. ನನಗೆ ಅಳು ಬರಲಿಲ್ಲ, ಹೆದರಿಕೆ ಬರಲಿಲ್ಲ, ಏನೂ ಬರಲಿಲ್ಲ. ಹಲ್ಲು ಕೀಳುವಾಗ ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ಮೈಯೆಲ್ಲ ಹಾಗಿತ್ತು. ಆ ದಿನವೂ ಅಂಗಡಿ ತೆರೆದೆ. ಫೋನ್ ಬಂತು. "ಇಲ್ಲಿಗೆ ಬಂದಿಲ್ಲ ಕಣಮ್ಮ" ಎಂದೆ. ಬಾಯಿ ತಾನಾಗಿಯೇ ಹೇಳಿತು.

ಸುಳ್ಳು ಆಣೆ ಇಟ್ಟವರು ಮೂರು ರೋಜಾ ಇರಬೇಕು ಎಂದು ಚಿಕ್ಕಂದಿನಲ್ಲಿ ಅಮ್ಮಿ ಹೇಳಿಕೊಟ್ಟಿದ್ದರು. ಮೂರು ದಿನ ಉಪವಾಸ ಮಾಡಿದೆ. ಹೊಟ್ಟೆ ಹಸಿದದ್ದೂ ಗೊತ್ತಾಗಲಿಲ್ಲ. ರಂಜಾನ್ ಅಲ್ಲದ ಕಾಲದಲ್ಲಿ ಇವನಿಗೆ ಏನು ಬಂತು ಎಂದು ಅಮ್ಮಿ ಕೇಳಿದರು. ಅಸಿಡಿಟಿ ಎಂದೆ. ಅದೂ ಸುಳ್ಳಾಯಿತು.

ತಿಥಿ ಮುಗಿಸಿ ವಸಂತ ಬಂದ. ತಲೆ ಬೋಳಿಸಿದ್ದ. ಕಂಪ್ಯೂಟರಿನ ಹತ್ತಿರ ಹೋಗದೆ ಕಿಟಕಿಯ ಬಳಿ ನಿಂತು ಕೆಳಗಿನ ಫೋನ್ ಡಬ್ಬಿಯನ್ನು ನೋಡಿದ.

"ಟೆಂಪೋ ಇಲ್ಲೇ ನಿಂತಿತ್ತಂತೆ ಅರ್ಷದಣ್ಣ. ಸೋಮಯ್ಯಮಾವ ಅಂದ."

"ಹೂಂ. ಅಬ್ಬಾ ನೀರು ಕೊಟ್ಟರಂತೆ."

"ಮೀನಾ ಇಲ್ಲಿಗೆ ಫೋನ್ ಮಾಡಿದ್ಲಂತೆ. ಕ್ಯಾಲೆಂಡರ್ ಮೇಲೆ ನಾನೇ ನಂಬರ್ ಬರ್ದಿದ್ದೆ. ಅಂಗ್ಡಿ ಎಲ್ಲದೆ ಅನ್ನಾದು ಅವಳ್ಗೆ ಗೊತ್ತಿಲ್ಲ. ಯಾರೂ ಎತ್ಲಿಲ್ಲ ಅಂತಾಳೆ."

ನಾನು ಅವನ ಮುಖ ನೋಡಿದೆ. ಅವನು ಕೆಳಗೇ ನೋಡುತ್ತಿದ್ದ. ಯಾರೂ ಎತ್ತಲಿಲ್ಲವಂತೆ! ಎತ್ತಿದ್ದೆ, ಮಾತಾಡಿದ್ದೆ, ಆಣೆ ಇಟ್ಟಿದ್ದೆ. ಆ ಹುಡುಗಿ ಅದೊಂದನ್ನೂ ಹೇಳಿಲ್ಲ.

"ಲೈನ್ ಕೆಟ್ಟಿತ್ತು ಕಣೋ ಅವತ್ತು" ಎಂದೆ.

"ಅಂಗೇ ಆಗಿರ್ಬೇಕು ಬುಡಣ್ಣ." ಆಮೇಲೆ ಅವನೇ ಹೇಳಿದ, "ಅವಳು ನನ್ ಕೂಟೆ ಮಾತಾಡ್ತಿಲ್ಲ. ಅವತ್ನಿಂದ ಒಂದ್ ಮಾತಿಲ್ಲ. ತಟ್ಟೆ ತಂದು ಮುಂದೆ ಇಟ್ಬುಟ್ಟು ಹೋಯ್ತಾಳೆ. ಬೈದ್ರೂ ಆಗಿತ್ತು. ದಾರ ತರಾಕೆ ಹೋದವ್ನು ಆಡ್ಕಂಡು ಕೂತಿದ್ಯಲ್ಲ ಅಂತ ಕೆನ್ನೆಗೆ ಬಾರಿಸಿದ್ರೂ ಆಗಿತ್ತು. ನಮ್ಮವ್ವ ಸತ್ತಾಗಿಂದ ಅವಳ್ನ ನಾನೇ ಎತ್ತಿ ಬೆಳ್ಸಿದ್ದು. ಅಣ್ಣ ಅಂತನಾದ್ರೂ ಅನ್ಬಾರ್ದಾ?"

ಅವನು ಹೋದ ಮೇಲೆ ನನಗೆ ನೆನಪಾಯಿತು. ನಾನು ಆಣೆ ಇಟ್ಟಾಗ ಹಿಂದೆ ಅವನು ನಕ್ಕಿದ್ದ. ಎತ್ತಿ ಬೆಳೆಸಿದವನ ನಗು ಅವಳಿಗೆ ತಿಳಿಯದೆ ಇರುತ್ತದೆಯೇ? ಅವಳು ಏನೆಂದುಕೊಂಡಿರಬೇಕು ಎಂಬುದು ಮೆಟ್ಟಿಲು ಇಳಿಯುವಾಗ ಹೊಳೆಯಿತು. ಫೋನ್ ಬಂದದ್ದು ಅಣ್ಣನಿಗೆ ಗೊತ್ತು, ಅಪ್ಪನಿಗೆ ಹುಷಾರಿಲ್ಲ ಎಂದದ್ದೂ ಗೊತ್ತು, ಅವನೇ ಇಲ್ಲ ಎನ್ನಿಸಿದ, ಎನ್ನಿಸಿ ನಕ್ಕ. ಹಾಗಲ್ಲ ಎಂದು ಹೇಳಬಲ್ಲವನು ಈ ಲೋಕದಲ್ಲಿ ನಾನೊಬ್ಬನೇ.

ನಾಳೆ ಹೋಗೋಣ ಎಂದುಕೊಂಡೆ. ಶುಕ್ರವಾರ ನಮಾಜು ಮುಗಿಸಿ ಹೋಗೋಣ ಎಂದುಕೊಂಡೆ. ಎರಡು ಶುಕ್ರವಾರ ಕಳೆದವು. ವಸಂತ ಆಗಾಗ ಬಂದು ಒಬ್ಬನೇ ಆಟ ಹಾಕಿಕೊಂಡು ಕೂರುತ್ತಿದ್ದ. ಎದುರಾಳಿ ಇಲ್ಲ. ನಡುಮನೆಯ ಗೆರೆಯೊಳಗೆ ಒಂದೇ ಒಂದು ಯಂತ್ರ ನಿಲ್ಲಿಸಿ, ಅಂಕ ಏರುವುದನ್ನು ನೋಡುತ್ತಿದ್ದ. ಅವನು ಬಂದಾಗಲೆಲ್ಲ ಫೋನಿನ ರಿಸೀವರ್ ಎತ್ತಿ ಪಕ್ಕಕ್ಕಿಟ್ಟು ನಾನು ಅವನನ್ನು ನೋಡುತ್ತಿದ್ದೆ. ನಮ್ಮಿಬ್ಬರಲ್ಲಿ ಯಾರಿಗೂ ಏನೂ ಅನ್ನಿಸುತ್ತಿದ್ದ ಹಾಗೆ ಕಾಣಲಿಲ್ಲ. ಒಂದು ದಿನ ಕಸ ಗುಡಿಸುವಾಗ ಪೊರಕೆಗೆ ಮೇಜಿನ ಕೆಳಗಿನ ದಾರದ ಚೀಲ ಸಿಕ್ಕಿಕೊಂಡಿತು. ಪೊರಕೆಯನ್ನು ಅಲ್ಲೇ ಬಿಟ್ಟು, ಚೀಲ ಎತ್ತಿಕೊಂಡು ಗುರುಪುರದ ಬಸ್ಸು ಹತ್ತಿದೆ.

ಮನೆಯ ಮುಂದೆ ಹೊಂಗೆ ಮರದ ಕೆಳಗೆ ಹಸಿ ಸೊಪ್ಪಿನ ರಾಶಿ. ಅಜ್ಜಿ ಭದ್ರಮ್ಮ ಮತ್ತು ಮೊಮ್ಮಗಳು ಮೀನಾ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರು. ಹಳೆಯ ದಾರದ ತುಂಡುಗಳನ್ನು ಗಂಟು ಹಾಕಿ ಹಾಕಿ ಉಪಯೋಗಿಸುತ್ತಿದ್ದರು. ದೂರದಲ್ಲಿ ಬ್ಯಾರನ್ನಿನ ಒಲೆಯ ಮುಂದೆ ವಸಂತ ನಮಗೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂತಿದ್ದ. ಸೊಪ್ಪು ಬೇಯಿಸುವುದು ಸಾವಿಗೂ ನಿಲ್ಲುವುದಿಲ್ಲ, ಬಿಟ್ಟರೆ ಗಿಡದಲ್ಲೇ ಹಾಳಾಗುತ್ತದೆ.

"ಕಂಪ್ಯೂಟರ್ ಅಂಗ್ಡಿ ಸಾಬ್ರಾ?" ಎಂದರು ಅಜ್ಜಿ. "ಬನ್ನಿ, ಕೂತ್ಕಳಿ. ನಿಮ್ಮಪ್ಪಾರು ನನ್ ಮಗನ ಬಾಯ್ಗೆ ನೀರು ಬುಟ್ರಂತೆ. ದೇವ್ರು ಚೆನ್ನಾಗಿಟ್ಟಿರ್ಲಿ." ಕಾಫಿ ಕಾಯಿಸುತ್ತೇನೆಂದು ಮೊಣಕಾಲು ಹಿಡಿದುಕೊಂಡು ಎದ್ದು ಒಳಗೆ ಹೋದರು.

ಮೀನಾಗೆ ಹದಿನಾರು ಇರಬಹುದು. ಕೈಯೆಲ್ಲ ಸೊಪ್ಪಿನ ಕಪ್ಪು ಅಂಟು. ತಲೆ ಎತ್ತಿ ನೋಡಲಿಲ್ಲ. ನಾನು ಚೀಲವನ್ನು ಅವಳ ಮುಂದೆ ಇಟ್ಟೆ.

"ಅವತ್ತು ಫೋನ್ ಎತ್ತಿದ್ದು ನಾನು" ಎಂದೆ.

"ಗೊತ್ತು" ಎಂದಳು. "ದನಿ ಗೊತ್ತಾಯ್ತು."

"ವಸಂತ ಅಲ್ಲೇ ಇದ್ದ."

"ಅದೂ ಗೊತ್ತು. ನಕ್ಕಿದ್ದು ಕೇಳುಸ್ತು." ಎಲೆಗಳನ್ನು ಜೋಡಿಸಿ ಗಂಟು ಬಿಗಿದಳು. "ಟೆಂಪೋ ತಾವ್ಕೆ ಬಂದೆ. ಅಪ್ಪ ಕಣ್ಣು ಬುಟ್ಟು, ಮಗ ಸಿಕ್ಕುದ್ನಾ ಅಂತು. ಅವ್ನೆ, ಬರಾಕಿಲ್ಲ ಅಂತವ್ನೆ ಅಂತ ಎಂಗನ್ಲಿ ಸಾರ್? ಯಾರೂ ಫೋನ್ ಎತ್ತಲಿಲ್ಲ ಅಂದೆ. ಊರಲ್ಲೂ ಅಂಗೇ ಅಂದೆ."

"ಅವನಿಗೆ ಗೊತ್ತೇ ಇಲ್ಲಮ್ಮ." ನನ್ನ ಧ್ವನಿ ನನಗೇ ಯಾರದೋ ಧ್ವನಿಯ ಹಾಗೆ ಕೇಳಿತು. "ಫೋನ್ ಬಂದಿದ್ದೇ ಗೊತ್ತಿಲ್ಲ. ನಾನು ಕರೀಲೇ ಇಲ್ಲ. ಯಾರು ಕೇಳಿದ್ರೂ ಇಲ್ಲ ಅಂತೀನಿ ನಾನು, ಅದೇ ರೂಢಿ. ಅವನು ನಕ್ಕಿದ್ದು ಆಟಕ್ಕೆ. ಗೊತ್ತಾಗಿದ್ರೆ ಮೆಟ್ಟಿಲೂ ಇಳೀತಿರ್ಲಿಲ್ಲ, ಕಿಟಕಿಯಿಂದ ಹಾರಿಬಿಡ್ತಿದ್ದ."

ಅವಳ ಕೈ ನಿಂತಿತು. ಆಗ ನನ್ನ ಮುಖ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದರೆ ಸಾಕು ಎಂದು ಕಾದೆ. ಅವಳು ಸೊಪ್ಪಿನ ರಾಶಿಗೆ ಮುಖ ಇಟ್ಟು ಒಂದು ಸಲ ಜೋರಾಗಿ ಉಸಿರೆಳೆದುಕೊಂಡಳು. ಎದ್ದಾಗ ಕೆನ್ನೆಗೆ ಅಂಟು ಮೆತ್ತಿತ್ತು.

"ಒಂದ್ ತಿಂಗ್ಳು" ಎಂದಳು. "ಒಂದ್ ತಿಂಗ್ಳಿಂದ ಅವ್ನ ಮೊಕ ನೋಡಿಲ್ಲ ಸಾರ್ ನಾನು."

"ಅವನ ಹತ್ರ ಹೋಗಿ ಎಲ್ಲ ಹೇಳಿಬಿಡ್ತೀನಮ್ಮ. ಈಗಲೇ" ಎಂದು ಎದ್ದೆ.

"ಕೂತ್ಕಳಿ." ಹದಿನಾರರ ಹುಡುಗಿ ಗದರಿದ ರಭಸಕ್ಕೆ ಕೂತೆ. "ಅವನಿಗೆ ಏನಂತೀರಿ? ನಿಮ್ಮಪ್ಪ ಕೆಳ್ಗೆ ನಿನ್ನ ಕೇಳ್ತಿದ್ರು, ನಾನು ಕರೀಲಿಲ್ಲ ಅಂತಲಾ? ಲೈನ್ ಕೆಟ್ಟಿತ್ತಂತೆ ಅಂತ ಅಜ್ಜಿ ತಾವ ಅಂತಿದ್ದ, ಅದು ಯಾರ ತಪ್ಪೂ ಅಲ್ಲ ಅಂದ್ಕಂಡವ್ನೆ. ಇರ್ಲಿ ಅಂಗೇ. ಅಪ್ಪ ಹೋದ್ಮ್ಯಾಲೆ ಅವ್ನು ಹೋಗಿ ಕೂರಾದು ನಿಮ್ಮ ಅಂಗ್ಡೀಲಿ ಒಂದೇ. ಅದೂ ಬ್ಯಾಡ್ವಾ ಅವನ್ಗೆ? ಯೋಳ್ಬುಟ್ರೆ ನೀವು ಅಗುರಾಯ್ತೀರಿ. ಹೊರಾದು ಅವ್ನು."

ದಾರದ ಚೀಲವನ್ನು ತನ್ನ ಕಡೆಗೆ ಎಳೆದುಕೊಂಡಳು.

"ಯೋಳಾಕಿಲ್ಲ ಅಂತ ಆಣೆ ಮಡಗಿ."

"ನನ್ನ ಆಣೆ ನಂಬ್ತೀಯಾ?"

"ಅವತ್ತು ಮಡಗಿದ್ರಲ್ಲ, ಅದೇ."

"ಅಲ್ಲಾನಾಣೆ" ಎಂದೆ. ಜೀವಮಾನದಲ್ಲಿ ಆ ಶಬ್ದ ನಾಲಿಗೆಗೆ ಭಾರವಾದದ್ದು ಅದೊಂದೇ ಸಲ.

ಅವಳು ಚೀಲದಿಂದ ಒಂದು ಉಂಡೆ ದಾರ ತೆಗೆದು, ಬ್ಯಾರನ್ನಿನ ಕಡೆ ನಾಲ್ಕು ಹೆಜ್ಜೆ ನಡೆದು ನಿಂತಳು. "ಅಣ್ಣಾ" ಎಂದು ಕೂಗಿದಳು. "ಅಣ್ಣಾ, ದಾರ ಬಂದೈತೆ ಬಾ."

ಒಲೆಗೆ ಸೌದೆ ತುರುಕುತ್ತಿದ್ದ ವಸಂತ ಕೂತ ಹಾಗೇ ಇದ್ದುಬಿಟ್ಟ. ಸೌದೆ ಕೈಯಲ್ಲೇ ಇತ್ತು. ತಿರುಗಲು ಹೆದರಿದವನ ಹಾಗೆ ನಿಧಾನವಾಗಿ ತಿರುಗಿದ. ನಾನು ಅಲ್ಲಿರುವುದನ್ನು ಅವನು ನೋಡಲೇ ಇಲ್ಲ. ಕಾಫಿಗೂ ನಿಲ್ಲದೆ ನಾನು ರಸ್ತೆಗೆ ಬಂದೆ. ಬಸ್ಸಿನಲ್ಲಿ ಕೂತ ಮೇಲೆ ಅಳು ಬರಬಹುದೇನೋ ಎಂದು ಕಾದೆ. ಬರಲಿಲ್ಲ.

ಭಾನುವಾರ ವಸಂತ ಬಂದ. ತಲೆಯ ಮೇಲೆ ಕೂದಲು ಚಿಗುರುತ್ತಿತ್ತು. ಮೀನಾ ಕಟ್ಟಿಕೊಟ್ಟಿದ್ದಾಳೆಂದು ರೊಟ್ಟಿ, ಹುಚ್ಚೆಳ್ಳು ಚಟ್ನಿಯ ಗಂಟು ನನ್ನ ಮೇಜಿನ ಮೇಲಿಟ್ಟ. ನನಗೂ ಸೇರಿಸಿ ಕಟ್ಟಿದ್ದಳು. ಲಿಂಗರಾಜು ಮತ್ತಿತರರು ಬಂದರು, ಆಟ ಶುರುವಾಯಿತು, ಅವನು ನಡುಮನೆಗೆ ಹೋಗಿ ನಿಂತ. ಸ್ವಲ್ಪ ಹೊತ್ತಿನಲ್ಲಿ ಫೋನ್ ಹೊಡೆದುಕೊಂಡಿತು. ನಾನು ನೋಡುತ್ತ ಕೂತಿದ್ದೆ. ವಸಂತ ಪರದೆಯಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದ. ಮುಖದಲ್ಲಿ ಸಂತೋಷವಿತ್ತು.

"ಲೈನ್ ಸರಿಹೋಯ್ತಾ ಅರ್ಷದಣ್ಣ?" ಎಂದ.

"ಸರಿಹೋಯ್ತು ಕಣೋ" ಎಂದೆ. ಫೋನ್ ಎತ್ತಿದೆ.